ಪಿಟ್ ಬುಲ್ ಮನೆಮಂದಿಯ ನಾಯಿ ಆಗಬಲ್ಲದೇ?

ಪ್ರಶ್ನೆ: ನಮ್ಮ ಮನೆಯಲ್ಲಿ ನಾವಿಬ್ಬರು, ಎಂಟು ವರ್ಷದ ಮಗಳು, ಎರಡು ವರ್ಷ ತುಂಬಿದ ಮಗ ಮತ್ತು ಕೋಲು ಹಿಡಿದು ನಡೆದಾಡುವ ಅತ್ತೆಯವರು ಇದ್ದೇವೆ. ಒಂಬತ್ತು ವರ್ಷದ ಒಂದು ಪುಟ್ಟ ಹೆಣ್ಣುನಾಯಿಯೂ ಇದೆ. ಪರಿಚಿತರೊಬ್ಬರು ತಮ್ಮ ಪಿಟ್ ಬುಲ್ ಹಾಕಿರುವ ಎರಡು ತಿಂಗಳ ಹೆಣ್ಣುಮರಿಯೊಂದನ್ನು ಕೊಡುತ್ತೇವೆ ಎನ್ನುತ್ತಿದ್ದಾರೆ. ಅವರ ಮನೆಗೆ ಹೋದಾಗ ತಾಯಿನಾಯಿ ನಮ್ಮ ಮಕ್ಕಳ ಕೈ ನೆಕ್ಕಿ, ಅವರ ಕಾಲ ಬಳಿಯೇ ಮಲಗಿತ್ತು. ಸುದ್ದಿಗಳಲ್ಲಿ ಓದುವುದು ಮಾತ್ರ ಬೇರೆಯೇ ಆಗಿದೆ. ಈ ತಳಿ ನಿಜಕ್ಕೂ ಅಪಾಯಕಾರಿಯೇ, ಇಲ್ಲವೇ ತಪ್ಪು ಸಾಕುವವರದ್ದೇ? ನಾವು ಈ ಮರಿಯನ್ನು ತರಬಹುದೇ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಪಿಟ್ ಬುಲ್ ಮನುಷ್ಯರನ್ನು ತುಂಬ ಹಚ್ಚಿಕೊಳ್ಳುವ, ಮನೆಯವರ ಮೈಗೆ ಮೈ ತಾಗಿಸಿಕೊಂಡೇ ಇರಬಯಸುವ ನಾಯಿ. ಅದನ್ನು ಯಾವ ಅವಘಡವೂ ಇಲ್ಲದೆ ಕೊನೆಯವರೆಗೆ ಸಾಕಿಕೊಂಡ ಕುಟುಂಬಗಳು ಎಷ್ಟೋ ಇವೆ. ಹಾಗಿದ್ದೂ ನೀವು ವಿವರಿಸಿರುವ ಮನೆಗೆ, ಈ ಹೊತ್ತಿನಲ್ಲಿ, ಈ ಮರಿ ಬೇಡ ಎಂಬುದೇ ನನ್ನ ಸಲಹೆ. ಈ ಎರಡು ಮಾತುಗಳಲ್ಲಿ ವಿರೋಧವೇನೂ ಇಲ್ಲ. ನಾಯಿ ನಮ್ಮನ್ನು ಎಷ್ಟು ಪ್ರೀತಿಸುತ್ತದೆ ಎಂಬುದು ಒಂದು ಪ್ರಶ್ನೆ. ಎಂದೋ ಒಮ್ಮೆ ಅದು ಹೆದರಿದಾಗ, ಕೆರಳಿದಾಗ ಅಥವಾ ನೋವಿನಲ್ಲಿದ್ದಾಗ ಕಚ್ಚಿಬಿಟ್ಟರೆ ಆಗುವ ಹಾನಿ ಎಷ್ಟು ಎಂಬುದು ಬೇರೆಯೇ ಪ್ರಶ್ನೆ. ಈ ತಳಿಯ ಪರ ವಾದಿಸುವವರು ಹೆಚ್ಚಾಗಿ ಮೊದಲನೆಯದಕ್ಕೆ ಮಾತ್ರ ಉತ್ತರಿಸುತ್ತಾರೆ, ವಿರೋಧಿಸುವವರು ಎರಡನೆಯದಕ್ಕೆ ಮಾತ್ರ. ಮಕ್ಕಳಿರುವ ಮನೆಯವರು ಎರಡಕ್ಕೂ ಉತ್ತರ ಕಂಡುಕೊಳ್ಳಬೇಕಾಗುತ್ತದೆ.

ಪಿಟ್ ಬುಲ್ ಎಂದು ಜನ ಕರೆಯುವುದು ಒಂದೇ ತಳಿಯನ್ನಲ್ಲ. ಅಮೆರಿಕನ್ ಪಿಟ್ ಬುಲ್ ಟೆರಿಯರ್, ಅಮೆರಿಕನ್ ಸ್ಟಾಫರ್ಡ್‌ಶೈರ್ ಟೆರಿಯರ್, ಸ್ಟಾಫರ್ಡ್‌ಶೈರ್ ಬುಲ್ ಟೆರಿಯರ್, ಈಚೆಗೆ ರೂಪುಗೊಂಡ ಅಮೆರಿಕನ್ ಬುಲ್ಲಿ, ಇವೆಲ್ಲವೂ ಇವನ್ನು ಹೋಲುವ ಲೆಕ್ಕವಿಲ್ಲದಷ್ಟು ಬೆರಕೆ ನಾಯಿಗಳೂ ಆ ಹೆಸರಿನಡಿ ಸೇರಿಕೊಂಡಿವೆ. ಇವುಗಳ ಮೂಲ ಇಂಗ್ಲೆಂಡಿನಲ್ಲಿದೆ. ಕಟ್ಟಿಹಾಕಿದ ಗೂಳಿಯ ಮೇಲೆ ನಾಯಿಗಳನ್ನು ಛೂ ಬಿಟ್ಟು ನೋಡುವ ಕ್ರೂರ ಆಟವನ್ನು ಅಲ್ಲಿ 1835ರ ಕಾನೂನು ನಿಷೇಧಿಸಿದ ಮೇಲೆ, ಜೂಜುಕೋರರು ಮುಚ್ಚಿದ ಜಾಗದಲ್ಲಿ ಗುಟ್ಟಾಗಿ ನಡೆಸಬಹುದಾದ ನಾಯಿಕಾಳಗದ ಕಡೆಗೆ ಹೆಚ್ಚಾಗಿ ಹೊರಳಿದರು. ಅಂದಿನ ಬುಲ್‌ಡಾಗ್‌ನ ಬಲವನ್ನೂ ಟೆರಿಯರ್‌ನ ಚುರುಕನ್ನೂ ಕೂಡಿಸಿ ಪಡೆದ ನಾಯಿಗಳು ವಲಸಿಗರೊಂದಿಗೆ ಅಮೆರಿಕವನ್ನು ಮುಟ್ಟಿದವು. ಅಲ್ಲಿನ ಯುನೈಟೆಡ್ ಕೆನಲ್ ಕ್ಲಬ್ 1898ರಲ್ಲಿ ಅಮೆರಿಕನ್ ಪಿಟ್ ಬುಲ್ ಟೆರಿಯರ್ ತಳಿಯನ್ನು ನೋಂದಾಯಿಸಿತು, 1936ರಲ್ಲಿ ಅಮೆರಿಕನ್ ಕೆನಲ್ ಕ್ಲಬ್ ಇವುಗಳ ಸಮೀಪದ ಬಂಧುಗಳಿಗೆ ಸ್ಟಾಫರ್ಡ್‌ಶೈರ್ ಎಂಬ ಹೆಸರಿನಲ್ಲಿ ಮಾನ್ಯತೆ ನೀಡಿತು. ಗಾತ್ರದಲ್ಲಿಯೂ ಇವು ಒಂದೇ ಸಮನಲ್ಲ. ಸ್ಟಾಫರ್ಡ್‌ಶೈರ್ ಬುಲ್ ಟೆರಿಯರ್ 11ರಿಂದ 17 ಕಿಲೋ ತೂಗಿದರೆ, ತಳಿಯ ಅಳತೆಗೆ ತಕ್ಕ ಪಿಟ್ ಬುಲ್ ಟೆರಿಯರ್ 14ರಿಂದ 27 ಕಿಲೋ ತೂಗುತ್ತದೆ, ಅಮೆರಿಕನ್ ಬುಲ್ಲಿಯ ದೊಡ್ಡ ಗಾತ್ರದ ಬಗೆಯಾದ ಎಕ್ಸ್ಎಲ್ ಬುಲ್ಲಿ 50 ಕಿಲೋ ದಾಟುವುದುಂಟು. ಆದ್ದರಿಂದ ಮರಿಯನ್ನು ಪಿಟ್ ಬುಲ್ ಎಂದು ಕೊಡುವವರನ್ನು ಮೊದಲು ಕೇಳಬೇಕಾದದ್ದು ತಂದೆತಾಯಿ ನಾಯಿಗಳು ಯಾವುವು, ಅವುಗಳ ತೂಕವೆಷ್ಟು ಎಂಬುದನ್ನು.

ಕಣ್ಣಳತೆಯಿಂದ ತಳಿಯನ್ನು ಹೇಳುವುದು ನಾಯಿಗಳ ನಡುವೆಯೇ ದಿನ ಕಳೆಯುವವರಿಗೂ ಕಷ್ಟ. ಫ್ಲಾರಿಡಾದ ನಾಲ್ಕು ನಾಯಿ ಆಶ್ರಯಧಾಮಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 120 ನಾಯಿಗಳ ಪೈಕಿ 62 ಸಿಬ್ಬಂದಿಯ ಕಣ್ಣಿಗೆ ಪಿಟ್ ಬುಲ್ ಬಗೆಯವಾಗಿ ಕಂಡವು, ಡಿಎನ್‌ಎ ಪರೀಕ್ಷೆಯಲ್ಲಿ ಆ ರಕ್ತ ಸಿಕ್ಕಿದ್ದು 25ರಲ್ಲಿ ಮಾತ್ರ. ‘ಪಿಟ್ ಬುಲ್ ದಾಳಿ’ ಎಂದು ವರದಿಯಾಗುವ ಪ್ರಕರಣಗಳನ್ನು ಓದುವಾಗ ಇದನ್ನು ನೆನಪಿನಲ್ಲಿಡುವುದು ನ್ಯಾಯ. ಆದರೆ ಇದೊಂದೇ ಕಾರಣಕ್ಕೆ ಗಾಯಗಳ ಬಗೆಗಿನ ಎಲ್ಲ ವರದಿಗಳನ್ನೂ ತಳ್ಳಿಹಾಕುವುದು ನ್ಯಾಯವಲ್ಲ.

ಸ್ವಭಾವದ ಮೇಲೆ ನಡೆದಿರುವ ಅಧ್ಯಯನಗಳು ಒಂದೇ ದಿಕ್ಕಿಗೆ ಬೆರಳು ತೋರಿಸುವುದಿಲ್ಲ. ನಾಯಿಗಳ ನಡತೆಯ ಬಗ್ಗೆ ಸಾಕುವವರನ್ನೇ ವಿವರವಾಗಿ ಪ್ರಶ್ನಿಸಿ ಜೇಮ್ಸ್ ಸರ್ಪೆಲ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನುಷ್ಯರ ಮೇಲೆ ಎರಗುವುದರಲ್ಲಿ ಮುಂದಿದ್ದವು ಡ್ಯಾಶ್‌ಹಂಡ್, ಚಿವಾವಾ, ಜ್ಯಾಕ್ ರಸೆಲ್ ಟೆರಿಯರ್‌ನಂಥ ಸಣ್ಣ ನಾಯಿಗಳು; ಪಿಟ್ ಬುಲ್‌ಗೆ ಆ ಸಾಲಿನಲ್ಲಿ ಜಾಗವಿರಲಿಲ್ಲ. ಆದರೆ ಅದೇ ಅಧ್ಯಯನ ಇನ್ನೊಂದು ಸಂಗತಿಯನ್ನೂ ಹೇಳಿತು: ಅಕಿಟಾ, ಜ್ಯಾಕ್ ರಸೆಲ್ ಮತ್ತು ಪಿಟ್ ಬುಲ್ ಟೆರಿಯರ್‌ಗಳಲ್ಲಿ ಪ್ರತಿ ನೂರಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ನಾಯಿಗಳು ಅಪರಿಚಿತ ನಾಯಿಗಳ ಮೇಲೆ ಗಂಭೀರವಾದ ಆಕ್ರಮಣ ತೋರಿಸಿದ್ದವು. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ, ಹದಿನೆಂಟು ಸಾವಿರಕ್ಕೂ ಹೆಚ್ಚು ನಾಯಿಗಳ ಮಾಹಿತಿ ಕಲೆಹಾಕಿದ ಸಂಶೋಧನೆ, ಒಂದು ನಾಯಿಗೂ ಇನ್ನೊಂದು ನಾಯಿಗೂ ಇರುವ ನಡತೆಯ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇ. 9 ಮಾತ್ರ ಎಂದು ಕಂಡುಕೊಂಡಿತು. ಅಂದರೆ ತಳಿಯ ಹೆಸರು ತಿಳಿದ ಮಾತ್ರಕ್ಕೆ ಎದುರಿಗಿರುವ ಆ ಒಂದು ನಾಯಿಯ ಗುಣ ತಿಳಿದಂತಾಗುವುದಿಲ್ಲ. ಇದು ಎರಡೂ ಕಡೆಗೆ ಅನ್ವಯಿಸುವ ಮಾತು: ಪಿಟ್ ಬುಲ್ ಎಂದ ಮಾತ್ರಕ್ಕೆ ಕ್ರೂರಿ ಎನ್ನಲಾಗದು, ‘ಈ ತಳಿ ಮಕ್ಕಳಿಗೆ ಹೇಳಿಮಾಡಿಸಿದ್ದು’ ಎಂದು ಕೊಡುವವರ ಭರವಸೆಯನ್ನು ನಂಬಲೂ ಆಗದು.

ಇನ್ನು ಗಾಯದ ತೀವ್ರತೆಯ ವಿಷಯ. ಅಮೆರಿಕದಲ್ಲಿ 1979ರಿಂದ 1998ರವರೆಗೆ ನಾಯಿ ಕಡಿತದಿಂದ ಆದ ಸಾವುಗಳಲ್ಲಿ ತಳಿ ದಾಖಲಾಗಿದ್ದ 238 ಪ್ರಕರಣಗಳನ್ನು ಪರಿಶೀಲಿಸಿದಾಗ, ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಪಿಟ್ ಬುಲ್ ಬಗೆಯ ನಾಯಿಗಳು ಅಥವಾ ರಾಟ್‌ವೈಲರ್‌ಗಳು ಇದ್ದವು. ಟೆಕ್ಸಾಸ್‌ನ ಒಂದು ಆಸ್ಪತ್ರೆಯ ಶಸ್ತ್ರಚಿಕಿತ್ಸಕರು 2011ರಲ್ಲಿ ಪ್ರಕಟಿಸಿದ ವರದಿಯಲ್ಲಿಯೂ ಈ ನಾಯಿಗಳು ಕಚ್ಚಿ ಬಂದವರ ಗಾಯಗಳು ಬೇರೆ ನಾಯಿಗಳು ಕಚ್ಚಿದವರ ಗಾಯಗಳಿಗಿಂತ ಗಂಭೀರವಾಗಿದ್ದವು. ಇಂಥ ದಾಖಲೆಗಳಲ್ಲಿ ತಳಿ ಗುರುತಿಸುವಾಗಿನ ತಪ್ಪುಗಳು ನುಸುಳಿರುತ್ತವೆ, ಒಂದೊಂದು ತಳಿಯ ನಾಯಿಗಳು ಒಟ್ಟು ಎಷ್ಟಿವೆ ಎಂಬ ಲೆಕ್ಕವೂ ಸರಿಯಾಗಿ ಸಿಗುವುದಿಲ್ಲ, ಹಾಗಾಗಿ ಇವುಗಳಿಂದ ‘ಎಷ್ಟು ಬಾರಿ ಕಚ್ಚುತ್ತದೆ’ ಎಂಬುದನ್ನು ಹೇಳುವುದು ಕಷ್ಟ. ಆದರೆ ಕಚ್ಚಿದಾಗ ಏನಾಗುತ್ತದೆ ಎಂಬ ಬಗ್ಗೆ ಶಸ್ತ್ರಚಿಕಿತ್ಸಕರ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಪಿಟ್ ಬುಲ್‌ನ ದವಡೆ ಕಚ್ಚಿದಲ್ಲಿಯೇ ಬೀಗ ಹಾಕಿಕೊಳ್ಳುತ್ತದೆ ಎಂಬುದು ಕಟ್ಟುಕಥೆ. ಅದರ ದವಡೆಯ ರಚನೆ ಬೇರೆ ನಾಯಿಗಳ ದವಡೆಯಂತೆಯೇ ಇದೆ. ಬೇರೆಯಾಗಿರುವುದು ಕಚ್ಚುವ ಕ್ರಮ. ಬಹಳಷ್ಟು ನಾಯಿಗಳು ಒಮ್ಮೆ ಬಾಯಿ ಹಾಕಿ ಹಿಂದೆ ಸರಿಯುತ್ತವೆ. ಕಾಳಗಕ್ಕೆಂದು ತಲೆಮಾರುಗಳ ಕಾಲ ಆಯ್ದು ಬೆಳೆಸಿದ ವಂಶಗಳ ನಾಯಿ ಕೆರಳಿದಾಗ ಹಿಡಿದದ್ದನ್ನು ಬಿಡದೆ ಜಾಡಿಸುವ, ಪೆಟ್ಟು ತಿಂದರೂ ಹಿಮ್ಮೆಟ್ಟದಿರುವ ಸಾಧ್ಯತೆ ಹೆಚ್ಚು. ಚಿವಾವಾ ಹತ್ತು ಬಾರಿ ಕಚ್ಚಿದರೂ ಔಷಧಿ ಹಚ್ಚಿ ಮುಗಿಯಬಹುದಾದ ಗಾಯ, ಇಲ್ಲಿ ಒಂದೇ ಬಾರಿಗೆ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಗೆ ಹೋಗಬೇಕಾದ ಗಾಯವಾಗಬಲ್ಲದು. ಅಪಾಯವನ್ನು ಅಳೆಯುವಾಗ ಸಂಭವವನ್ನಷ್ಟೇ ನೋಡಬಾರದು, ಪರಿಣಾಮವನ್ನೂ ಸೇರಿಸಿ ನೋಡಬೇಕು ಎಂದು ನಾನು ಒತ್ತಿಹೇಳುವುದು ಇದಕ್ಕಾಗಿ.

ಹಾಗಾದರೆ ತಪ್ಪು ಸಾಕುವವರದ್ದೇ ಎಂದು ಕೇಳಿದ್ದೀರಿ. ಬಹುಪಾಲು ಹೌದು, ಪೂರ್ತಿಯಾಗಿ ಅಲ್ಲ. ಅಮೆರಿಕದಲ್ಲಿ 2000ದಿಂದ 2009ರವರೆಗೆ ನಾಯಿ ಕಡಿತದಿಂದ ಆದ 256 ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿ 2013ರಲ್ಲಿ ಪ್ರಕಟಿಸಲಾದ ಅಧ್ಯಯನ ಈ ವಿಷಯದಲ್ಲಿ ನನಗೆ ಅತ್ಯಂತ ಉಪಯುಕ್ತವೆನಿಸಿದೆ. ಶೇ. 87ರಷ್ಟು ಪ್ರಕರಣಗಳಲ್ಲಿ ನಡುವೆ ಬಂದು ತಡೆಯಬಲ್ಲ ಯಾರೂ ಹತ್ತಿರವಿರಲಿಲ್ಲ, ಶೇ. 84ರಷ್ಟರಲ್ಲಿ ನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿರಲಿಲ್ಲ, ಶೇ. 77ರಷ್ಟರಲ್ಲಿ ಸತ್ತವರು ಎಳೆಯ ವಯಸ್ಸಿನಿಂದಲೋ ದೇಹದ ಅಶಕ್ತಿಯಿಂದಲೋ ನಾಯಿಯೊಡನೆ ಸರಿಯಾಗಿ ವ್ಯವಹರಿಸಲಾರದವರಾಗಿದ್ದರು, ಶೇ. 76ರಷ್ಟರಲ್ಲಿ ನಾಯಿಯನ್ನು ಮನೆಯವರೊಡನೆ ಬೆರೆಯಲು ಬಿಡದೆ ಹೊರಗೆ ಕಟ್ಟಿಯೋ ಕೂಡಿಯೋ ಇಟ್ಟಿದ್ದರು. ಇಂಥ ಕಾರಣಗಳಲ್ಲಿ ನಾಲ್ಕು ಅಥವಾ ಹೆಚ್ಚು ಒಟ್ಟಿಗೆ ಸೇರಿದ್ದ ಪ್ರಕರಣಗಳೇ ಶೇ. 80. ಇವುಗಳಲ್ಲಿ ಬಹುತೇಕ ಎಲ್ಲವೂ ಮನುಷ್ಯರು ಬದಲಾಯಿಸಬಹುದಾದ ಸಂಗತಿಗಳು, ಯಾವ ತಳಿಯ ನಾಯಿಗಾದರೂ ಅನ್ವಯಿಸುವಂಥವು.

ನಾಯಿಕಾಳಗದ ಕ್ರೌರ್ಯವನ್ನೇ ಕಂಡ ನಾಯಿಗಳೂ ಮನೆಯ ನಾಯಿಗಳಾಗಬಲ್ಲವು ಎಂಬುದಕ್ಕೆ ಸಾಕ್ಷಿ ಇದೆ. ಅಮೆರಿಕದ ಫುಟ್‌ಬಾಲ್ ಆಟಗಾರ ಮೈಕೆಲ್ ವಿಕ್ ನಡೆಸುತ್ತಿದ್ದ ಕಾಳಗದ ತಾಣದಿಂದ 2007ರಲ್ಲಿ ವಶಪಡಿಸಿಕೊಂಡ ಸುಮಾರು 50 ಪಿಟ್ ಬುಲ್‌ಗಳನ್ನು ಒಟ್ಟಾಗಿ ಕೊಂದುಬಿಡಬೇಕೆಂಬ ಒತ್ತಾಯವಿತ್ತು. ನ್ಯಾಯಾಲಯ ಹಾಗೆ ಮಾಡದೆ ಪ್ರತಿಯೊಂದನ್ನೂ ತಜ್ಞರಿಂದ ಬೇರೆಬೇರೆಯಾಗಿ ಪರೀಕ್ಷಿಸಿತು. ಬಹುತೇಕ ನಾಯಿಗಳು ಬದುಕುಳಿದವು. 22 ನಾಯಿಗಳು ಯೂಟಾದ ಬೆಸ್ಟ್ ಫ್ರೆಂಡ್ಸ್ ಸಂಸ್ಥೆಗೆ ಹೋದವು, ಹಲವು ಮನೆಗಳನ್ನು ಸೇರಿದವು, ಕೆಲವು ರೋಗಿಗಳಿಗೆ ಸಾಂತ್ವನ ನೀಡುವ ನಾಯಿಗಳೂ ಆದವು. ಈ ಪ್ರಕರಣ ನನ್ನ ಮನಸ್ಸಿಗೆ ಬಹಳ ಹತ್ತಿರವಾದದ್ದು, ಏಕೆಂದರೆ ನಾಯಿಯನ್ನು ಅದರ ಹುಟ್ಟಿನಿಂದ ಅಳೆಯದೆ ಅದರ ನಡತೆಯಿಂದಲೇ ಅಳೆಯಬಹುದು ಎಂದು ಅದು ತೋರಿಸಿಕೊಟ್ಟಿತು. ಆದರೆ ಆ ನಾಯಿಗಳ ಹಿಂದೆ ತಿಂಗಳುಗಟ್ಟಲೆ, ಕೆಲವಕ್ಕೆ ವರ್ಷಗಟ್ಟಲೆ ನುರಿತ ತರಬೇತುದಾರರ ದುಡಿಮೆ ಇತ್ತು ಎಂಬುದನ್ನು ಈ ಕಥೆ ಹೇಳುವವರು ಬಿಟ್ಟುಬಿಡುತ್ತಾರೆ.

ಈಗ ನಿಮ್ಮ ಮನೆಗೆ ಬರೋಣ. ನನ್ನ ಮೊದಲ ಚಿಂತೆ ನಿಮ್ಮ ಎರಡು ವರ್ಷದ ಮಗ. ಅಮೆರಿಕದಂಥ ದೇಶಗಳಲ್ಲಿ ಚಿಕ್ಕ ಮಕ್ಕಳನ್ನು ಕಚ್ಚುವ ನಾಯಿ ಬಹುತೇಕ ಬೀದಿಯ ಅಪರಿಚಿತ ನಾಯಿಯಾಗಿರದೆ ಮನೆಯದ್ದೋ ಪರಿಚಿತರದ್ದೋ ಆಗಿರುತ್ತದೆ. ಅದು ಉಣ್ಣುತ್ತಿರುವಾಗ ತಟ್ಟೆಯ ಬಳಿ ಕೈ ಹೋದದ್ದು, ಕಡಿಯುತ್ತಿದ್ದ ಮೂಳೆಯನ್ನು ಕಿತ್ತುಕೊಂಡದ್ದು, ಮಲಗಿದ್ದಾಗ ಮೈಮೇಲೆ ಬಿದ್ದದ್ದು, ಕತ್ತು ತಬ್ಬಿದ್ದು ಇಂಥ ಗಳಿಗೆಗಳಲ್ಲಿಯೇ ಕಚ್ಚುತ್ತದೆ. ಈ ವಯಸ್ಸಿನ ಮಗುವಿನ ಮುಖ ನಾಯಿಯ ಬಾಯಿಯ ಎತ್ತರದಲ್ಲೇ ಇರುವುದರಿಂದ ಗಾಯವೂ ಮುಖಕ್ಕೆ, ತಲೆಗೆ, ಕುತ್ತಿಗೆಗೆ ಆಗುತ್ತದೆ. ಕಚ್ಚುವ ಮೊದಲು ನಾಯಿ ಮುಖ ತಿರುಗಿಸುತ್ತದೆ, ನಿದ್ದೆ ಬಾರದಿದ್ದರೂ ಆಕಳಿಸುತ್ತದೆ, ತುಟಿ ನೆಕ್ಕಿಕೊಳ್ಳುತ್ತದೆ, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುತ್ತದೆ, ಮೈ ಬಿಗಿಹಿಡಿದು ನಿಲ್ಲುತ್ತದೆ, ಗುರುಗುಟ್ಟುತ್ತದೆ. ಎಂಟು ವರ್ಷದ ನಿಮ್ಮ ಮಗಳಿಗೆ ಇವನ್ನೆಲ್ಲ ಕಲಿಸಬಹುದು, ಎರಡು ವರ್ಷದ ಮಗನಿಗೆ ಕಲಿಸಲಾಗದು. ಅಲ್ಲದೆ ಒಂದು ವರ್ಷದ ಪಿಟ್ ಬುಲ್ ಕೇವಲ ಸಂತೋಷದಿಂದ ಓಡಿ ಬಂದು ಹಾರಿದರೂ ಮಗು ಬೀಳುತ್ತದೆ, ಕೋಲು ಹಿಡಿದು ನಡೆಯುವ ನಿಮ್ಮ ಅತ್ತೆಯವರೂ ಬೀಳುತ್ತಾರೆ. ಆ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಅದು ನಾಯಿಯ ಕಡಿತಕ್ಕಿಂತ ಕಡಿಮೆಯ ಕಷ್ಟವೇನೂ ಅಲ್ಲ.

ಎರಡನೆಯ ಚಿಂತೆ ನಿಮ್ಮ ಹಳೆಯ ನಾಯಿಯದು, ಇದನ್ನು ನೀವು ಪ್ರಶ್ನೆಯಲ್ಲಿ ಒಂದೇ ವಾಕ್ಯದಲ್ಲಿ ದಾಟಿಬಿಟ್ಟಿದ್ದೀರಿ. ಒಂದೇ ಮನೆಯ ನಾಯಿಗಳ ನಡುವಿನ ಜಗಳ ಒಂದೇ ಲಿಂಗದ ಜೋಡಿಗಳಲ್ಲಿ ಹೆಚ್ಚು, ಅದರಲ್ಲೂ ಎರಡು ಹೆಣ್ಣುನಾಯಿಗಳ ನಡುವಿನ ಹಗೆ ಹತ್ತಿದರೆ ಆರಿಸುವುದು ತುಂಬ ಕಷ್ಟ. ಮರಿಯಾಗಿದ್ದಾಗ ಎಲ್ಲ ನಾಯಿಗಳೊಡನೆ ಆಡಿಕೊಂಡಿದ್ದ ಪಿಟ್ ಬುಲ್ ಒಂದರಿಂದ ಮೂರು ವರ್ಷದೊಳಗೆ, ಅದು ಮನಸ್ಸಿನಿಂದಲೂ ಬೆಳೆದು ದೊಡ್ಡದಾಗುವ ಹೊತ್ತಿಗೆ, ಬೇರೆ ನಾಯಿಗಳನ್ನು ಸಹಿಸದೆ ಹೋಗುವುದು ಅಪರೂಪವಲ್ಲ. ಸಾಕುವವರು ಎಲ್ಲವನ್ನೂ ಸರಿಯಾಗಿ ಮಾಡಿದ ಮನೆಗಳಲ್ಲಿಯೂ ಹೀಗಾಗುತ್ತದೆ. ‘ಸಾಕುವ ರೀತಿಯೇ ಎಲ್ಲ’ ಎಂಬ ಮಾತು ಇಲ್ಲಿಗೆ ಬಂದು ನಿಂತುಬಿಡುತ್ತದೆ. ಹಾಗಾದಾಗ ಒಂದೇ ಮನೆಯಲ್ಲಿ ಎರಡು ನಾಯಿಗಳನ್ನು ಬೇರೆ ಬೇರೆ ಕೋಣೆಗಳಲ್ಲಿ, ಬೇರೆ ಬೇರೆ ಹೊತ್ತಿನಲ್ಲಿ ಹೊರಗೆ ಬಿಡುತ್ತಾ, ಪ್ರತಿ ಬಾಗಿಲನ್ನೂ ನೋಡಿಕೊಳ್ಳುತ್ತಾ ಹತ್ತು ವರ್ಷ ನಡೆಸಬೇಕಾಗುತ್ತದೆ. ಓಡಾಡುವ ಮಗುವೊಂದು ಬಾಗಿಲು ತೆರೆಯುವ ಮನೆಯಲ್ಲಿ ಇದು ನಡೆಯುವ ಮಾತಲ್ಲ. ಒಂಬತ್ತು ವರ್ಷದಿಂದ ನಿಮ್ಮನ್ನೇ ನಂಬಿಕೊಂಡು ಬಂದಿರುವ ಪುಟ್ಟ ನಾಯಿಗೆ ಅಂಥ ಒಂದು ಜಗಳವೇ ಕೊನೆಯದಾಗಬಹುದು.

ತಾಯಿನಾಯಿ ನಿಮ್ಮ ಮಕ್ಕಳೊಡನೆ ಮೃದುವಾಗಿತ್ತು ಎಂಬುದು ನಿಜಕ್ಕೂ ಒಳ್ಳೆಯ ಸೂಚನೆ, ಅದನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಅದು ಬೇರೆ ನಾಯಿಗಳನ್ನು ಕಂಡರೆ ಹೇಗಿರುತ್ತದೆ, ತಂದೆನಾಯಿ ಯಾವುದು, ಅದರ ನಡತೆ ಹೇಗೆ ಎಂಬುದನ್ನು ನೀವು ಕೇಳಿದಂತಿಲ್ಲ. ಎರಡು ತಿಂಗಳ ಮರಿಯನ್ನು ನೋಡಿ ದೊಡ್ಡದಾದ ಮೇಲಿನ ಅದರ ಸ್ವಭಾವವನ್ನು ಹೇಳುವುದಂತೂ ಯಾವ ತಜ್ಞರಿಗೂ ಆಗದ ಕೆಲಸ. ಮೂರನೆಯ ವಾರದಿಂದ ಹದಿನಾಲ್ಕನೆಯ ವಾರದವರೆಗೆ ಮರಿ ಯಾವ ಯಾವ ಜನರನ್ನು, ಸದ್ದುಗಳನ್ನು, ಪ್ರಾಣಿಗಳನ್ನು ಹೆದರಿಕೆಯಿಲ್ಲದೆ ಕಾಣುತ್ತದೋ ಅದು ಅದರ ಜೀವನಪೂರ್ತಿ ಉಳಿಯುತ್ತದೆ. ಆ ಕಾಲದ ನಡುವಿನಲ್ಲಿರುವ ಈ ಮರಿಗೆ ಪ್ರತಿದಿನ ಅಷ್ಟು ಹೊತ್ತು ಕೊಡಲು ಎರಡು ವರ್ಷದ ಮಗುವನ್ನೂ ಹಿರಿಯರನ್ನೂ ನೋಡಿಕೊಳ್ಳುವ ಮನೆಯವರಿಗೆ ಸಾಧ್ಯವೇ ಎಂಬುದನ್ನು ಯೋಚಿಸಿ.

ಮಗನಿಗೆ ಏಳೆಂಟು ವರ್ಷವಾದ ಮೇಲೆ, ಮನೆಯಲ್ಲಿ ಬೇರೆ ನಾಯಿ ಇಲ್ಲದಿರುವಾಗ, ನಿಮಗೆ ಇನ್ನೂ ಈ ನಾಯಿಯ ಮೇಲೆ ಮನಸ್ಸಿದ್ದರೆ ದಾರಿ ಮುಚ್ಚಿಲ್ಲ. ಆಗಲೂ ಮರಿಯನ್ನು ತರುವುದಕ್ಕಿಂತ, ಮೂರು ವರ್ಷ ದಾಟಿದ, ಮಕ್ಕಳಿರುವ ಮನೆಯಲ್ಲಿ ಬಾಳಿ ಸ್ವಭಾವ ತಿಳಿದಿರುವ ನಾಯಿಯೊಂದನ್ನು ನಂಬಿಕಸ್ಥ ಆಶ್ರಯಧಾಮದಿಂದ ತರುವುದು ಎಷ್ಟೋ ಮೇಲು. ಆ ವಯಸ್ಸಿಗೆ ನಾಯಿ ತಾನೇನೆಂದು ತೋರಿಸಿಕೊಟ್ಟಿರುತ್ತದೆ. ಅದಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿರಲಿ. ದಿನಕ್ಕೆ ಎರಡು ಬಾರಿ ಚೆನ್ನಾಗಿ ನಡೆಸಿ, ಹಗ್ಗ ಎಳೆಯುವ ಆಟ, ಮೂಗಿನಿಂದ ಹುಡುಕುವ ಆಟಗಳನ್ನು ಆಡಿಸಿ. ಬುದ್ಧಿಗೂ ಮೈಗೂ ಕೆಲಸವಿಲ್ಲದ ಪಿಟ್ ಬುಲ್ ಮನೆಯ ವಸ್ತುಗಳನ್ನೆಲ್ಲ ಕಡಿದುಹಾಕುತ್ತದೆ. ಮೂತಿಗೆ ಹಾಕುವ ಕುಕ್ಕೆಯನ್ನು, ಒಳಗೆ ಬಾಯಿ ತೆರೆದು ಉಸಿರಾಡಲು ಜಾಗವಿರುವ ಬುಟ್ಟಿಯಂಥದ್ದನ್ನು, ತಿನಿಸು ಕೊಡುತ್ತಾ ನಿಧಾನವಾಗಿ ಅಭ್ಯಾಸ ಮಾಡಿಸಿದರೆ ನಾಯಿಗೆ ಅದು ಶಿಕ್ಷೆ ಎನಿಸುವುದಿಲ್ಲ. ಇದನ್ನು ಅಭ್ಯಾಸ ಮಾಡಿಸುವುದನ್ನು ಅವಮಾನವೆಂದು ಕೆಲವರು ಭಾವಿಸುತ್ತಾರೆ. ಪಶುವೈದ್ಯರ ಬಳಿ ನೋವಿನಲ್ಲಿ ಚಿಕಿತ್ಸೆ ಪಡೆಯಬೇಕಾದ ದಿನ ಅದರ ಬೆಲೆ ತಿಳಿಯುತ್ತದೆ. ಕಿವಿ ಕತ್ತರಿಸಿದ ನಾಯಿಯನ್ನು ಬಯಸಬೇಡಿ, ಕಿವಿಯ ಚಲನೆಯಿಂದ ಅದರ ಮನಸ್ಸನ್ನು ಓದುವ ದಾರಿಯನ್ನೇ ಆ ಕತ್ತರಿ ಮುಚ್ಚಿಬಿಡುತ್ತದೆ.

ಹೊಡೆದು ಬುದ್ಧಿ ಕಲಿಸುವ ತರಬೇತುದಾರರಿಂದ ದೂರವಿರಿ. ಪೆನ್ಸಿಲ್ವೇನಿಯಾದಲ್ಲಿ ನಡೆದು 2009ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ, ನಡತೆಯ ತೊಂದರೆಗಾಗಿ ಕರೆತಂದ ನಾಯಿಗಳನ್ನು ಹಿಂದೆ ಹೊಡೆದೋ ಒದ್ದೋ ದಂಡಿಸಿದ್ದ ಮಾಲೀಕರಲ್ಲಿ ಶೇ. 43ರಷ್ಟು ಮಂದಿಗೆ ನಾಯಿಯಿಂದ ಆಕ್ರಮಣವೇ ಪ್ರತಿಫಲವಾಗಿ ಬಂದಿತ್ತು. ಗುರುಗುಟ್ಟಿದ್ದಕ್ಕೆ ಬಡಿಯುವುದಂತೂ ಎಲ್ಲಕ್ಕಿಂತ ಕೆಟ್ಟದ್ದು: ನಾಯಿಯ ಸಿಟ್ಟು ಹಾಗೆಯೇ ಉಳಿದು, ಅದು ಕೊಡುತ್ತಿದ್ದ ಎಚ್ಚರಿಕೆಯಷ್ಟೇ ಅಳಿಯುತ್ತದೆ. ಹದಿನಾಲ್ಕು ವರ್ಷ ಬದುಕಬಲ್ಲ ಈ ನಾಯಿಗಳಲ್ಲಿ ಚರ್ಮದ ಅಲರ್ಜಿ ಬಹಳ, ಸೊಂಟದ ಕೀಲಿನ ತೊಂದರೆಯೂ ಉಂಟು. ತಾಳ್ಮೆಯ ನಾಯಿ ಇದ್ದಕ್ಕಿದ್ದಂತೆ ಸಿಡುಕತೊಡಗಿದರೆ ಮೊದಲು ಪಶುವೈದ್ಯರಲ್ಲಿಗೆ ಕರೆದೊಯ್ಯಿರಿ, ನೋವನ್ನು ಅದು ಹೇಳುವ ಬಗೆ ಅದೇ ಇರಬಹುದು.

ಕಾನೂನನ್ನೂ ಮೊದಲೇ ವಿಚಾರಿಸಿಕೊಳ್ಳಿ. ಬ್ರಿಟನ್ 1991ರಿಂದ ಪಿಟ್ ಬುಲ್ ಟೆರಿಯರ್ ಅನ್ನು ನಿಷೇಧಿಸಿದೆ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2024ರ ಫೆಬ್ರವರಿಯಿಂದ ಎಕ್ಸ್ಎಲ್ ಬುಲ್ಲಿಯನ್ನು ವಿನಾಯಿತಿ ಪತ್ರವಿಲ್ಲದೆ ಸಾಕುವುದು ಅಪರಾಧ. ನೆದರ್ಲೆಂಡ್ಸ್ ತನ್ನ ನಿಷೇಧವನ್ನು ಕೈಬಿಡುವುದಾಗಿ 2008ರಲ್ಲಿ ಪ್ರಕಟಿಸಿತು. ತಳಿಯನ್ನೇ ನಿಷೇಧಿಸುವ ಬದಲು ಸಂತಾನಹರಣ, ಪರವಾನಗಿ ಮತ್ತು ಮಾಲೀಕರ ಹೊಣೆಯನ್ನು ಕಟ್ಟುನಿಟ್ಟು ಮಾಡುವುದೇ ಸರಿ ಎಂದು ನಾನು ನಂಬುತ್ತೇನೆ. ನನ್ನ ನಂಬಿಕೆ ಏನೇ ಇದ್ದರೂ, ನಿಯಮ ತಿಳಿಯದೆ ತಂದ ನಾಯಿಯನ್ನು ಮಕ್ಕಳ ಕೈಯಿಂದ ಬಿಡಿಸಿ ಒಪ್ಪಿಸಬೇಕಾದ ಸ್ಥಿತಿ ಯಾವ ಮನೆಗೂ ಬರಬಾರದು. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಬೇಕು.

ನಿಮ್ಮ ಪರಿಚಿತರಿಗೆ ಬೇಡವೆನ್ನುವುದು ಮುಜುಗರದ ಕೆಲಸವೆಂದು ಬಲ್ಲೆ. ಆ ಮರಿಗೆ ಬೇಕಾದದ್ದು ದೊಡ್ಡವರೇ ಇರುವ ಅಥವಾ ಮಕ್ಕಳು ಬೆಳೆದಿರುವ, ಬೇರೆ ನಾಯಿ ಬೆಕ್ಕುಗಳಿಲ್ಲದ, ಎತ್ತರದ ಬೇಲಿಯಿರುವ, ಇಂಥ ನಾಯಿಗಳನ್ನು ಮೊದಲು ಸಾಕಿ ಅನುಭವವಿರುವ ಮನೆ ಎಂದು ಅವರಿಗೆ ಬಿಡಿಸಿ ಹೇಳಿ. ಅಂಥವರನ್ನು ಹುಡುಕಲು ನೆರವಾಗಿ. ಮರಿಗಳಿಗೆಲ್ಲ ಮನೆ ಸಿಕ್ಕ ಮೇಲೆ ತಾಯಿನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವಂತೆಯೂ ಕೇಳಿಕೊಳ್ಳಿ, ಏಕೆಂದರೆ ಪ್ರೀತಿಯಿಂದ ಕೊಟ್ಟ ಎಷ್ಟೋ ಪಿಟ್ ಬುಲ್ ಮರಿಗಳು ಎರಡು ವರ್ಷ ತುಂಬುವಷ್ಟರಲ್ಲಿ ಸಾಕಲಾಗದವರ ಕೈಯಿಂದ ಆಶ್ರಯಧಾಮದ ಗೂಡುಗಳನ್ನು ಸೇರಿ, ಒಯ್ಯುವವರಿಲ್ಲದೆ ಅಲ್ಲೇ ಉಳಿದುಬಿಡುತ್ತವೆ.